ವಿದ್ಯಾರ್ಥಿಯ ಅಹವಾಲು

ಕಚೇರಿಯ ಮುಂದೆ ನಿಂತು ನಮ್ಮ ಕಷ್ಟವನ್ನು ಹೇಳಿಕೊಳ್ಳುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆಯೆಂದು ಒಮ್ಮೆ ಎಣಿಸಿ ನೋಡಬೇಕು. ಅರಿಕೆ, ಬಿನ್ನಹ, ಅರ್ಜಿ, ಅಹವಾಲು. ಇವೆಲ್ಲವೂ ಕೈಯೊಡ್ಡುವ ಮಾತುಗಳೆಂಬುದು ಸಾಮಾನ್ಯವಾದ ಭಾವನೆ. ಅವುಗಳ ಹುಟ್ಟನ್ನು ವಿಚಾರಿಸಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಅರಿಕೆ ಎಂಬುದು ‘ಅರಿ’ ಎಂಬ ಧಾತುವಿನಿಂದ ಬಂದುದು. ತಿಳಿಯಪಡಿಸುವುದು ಎಂದು ಅದರ ಅರ್ಥ. ಬಿನ್ನಹವು ಸಂಸ್ಕೃತದ ವಿಜ್ಞಾಪನೆಯ ತದ್ಭವ. ನಮ್ಮ ಶಾಸನಗಳಲ್ಲಿ ಅರಸನಿಗೆ ಬಿನ್ನಪಗೈದವರು ಮಾಡಿದ್ದೂ ತಿಳಿಯಪಡಿಸುವ ಕೆಲಸವನ್ನೇ. ಅರ್ಜಿ ಎಂಬುದು ಅರಬ್ಬಿಯಲ್ಲಿ ಹುಟ್ಟಿ ಫಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಮಾತು. ಮುಂದಿಟ್ಟು ತೋರಿಸುವುದು ಎಂದು ಅದರ ತಿರುಳು. ಅಹವಾಲು ಎಂಬುದು ‘ಹಾಲ್’ ಎಂಬ ಅರಬ್ಬಿ ಶಬ್ದದ ಬಹುವಚನ, ಸ್ಥಿತಿಗತಿಗಳು ಎಂದರ್ಥ. ಹಾಲಿ ಅಧ್ಯಕ್ಷರು, ಹಾಲಿ ದರ ಎನ್ನುವಾಗ ನಾವು ಬಳಸುವ ‘ಹಾಲಿ’ಯೂ ಇದೇ ಮನೆತನದ್ದು. ಕೂಗಿಕೊಳ್ಳುವುದಕ್ಕೆ ಫಿರ್ಯಾದು ಎಂಬ ಮಾತು ಬೇರೆ ಇದೆ. ಕೇಳಿಕೊಳ್ಳುವುದಕ್ಕೆ ದರಖಾಸ್ತು ಇದೆ, ಅದನ್ನು ನಮ್ಮ ರೈತರು ಬಹುಮಟ್ಟಿಗೆ ಸರ್ಕಾರಿ ಜಮೀನಿಗಾಗಿ ಮೀಸಲಿಟ್ಟಿದ್ದಾರೆ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದವನು ನಾನು. ಈ ನಿಷ್ಪತ್ತಿಗಳನ್ನು ತರಗತಿಯಲ್ಲಿ ಎಷ್ಟೋ ಸಾರಿ ಹೇಳಿದ್ದೇನೆ. ಆದರೆ ಅವುಗಳ ಬೆಲೆ ಎಷ್ಟೆಂಬುದನ್ನು ನನಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ. ಅದೂ ತಾನು ನಷ್ಟ ಅನುಭವಿಸಿ. ಮನೆಯ ವರಮಾನ ಇದ್ದಕ್ಕಿದ್ದಂತೆ ಕುಸಿದಾಗ, ಓದುವ ಮಗುವಿಗೆ ಮಂಜೂರಾದ ನೆರವು ಸಾಲದೆ ಹೋದಾಗ, ಆ ನೆರವನ್ನು ಮತ್ತೊಮ್ಮೆ ಪರಿಶೀಲಿಸಿರೆಂದು ಕೇಳುವುದು ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ ಮಂಚೇನಹಳ್ಳಿ ಸಿಕ್ಕುತ್ತದೆ. ಬಹುಕಾಲ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಈ ಊರು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಗಿದೆ. ಸುತ್ತಲಿನ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ತುಂಬಿದರೆ ತುಂಬಿತು, ಇಲ್ಲವಾದರೆ ಕೊಳವೆಬಾವಿಯೇ ಗತಿ. ಆ ನೀರನ್ನು ನಂಬಿಕೊಂಡು ಹಿಪ್ಪುನೇರಳೆ. ಹಿಪ್ಪುನೇರಳೆಯನ್ನು ನಂಬಿಕೊಂಡು ರೇಷ್ಮೆಹುಳು. ಹುಳು ಕಟ್ಟುವ ಗೂಡನ್ನು ನಂಬಿಕೊಂಡು ಮಕ್ಕಳ ಓದು. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಆ ಬೆಳೆ ಕೈಗೆ ಬಾರದು. ಬಂದರೂ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಆ ದಿನ ಹರಾಜು ಎಲ್ಲಿ ನಿಲ್ಲುವುದೋ ಯಾರಿಗೂ ಗೊತ್ತಿಲ್ಲ. ತಿಂಗಳ ಸಂಬಳದವರ ಮನೆಗೂ ಇಂಥ ಮನೆಗೂ ಇರುವ ಅಂತರ ಇಲ್ಲಿಯೇ. ಸಂಬಳದವರ ಹೋದ ವರ್ಷದ ಆದಾಯ ಈ ವರ್ಷಕ್ಕೂ ಸುಮಾರಾಗಿ ಹೊಂದುತ್ತದೆ. ಹುಳು ಸಾಕುವವರ ಹೋದ ವರ್ಷದ ಆದಾಯ ಹೋದ ವರ್ಷದ್ದು ಮಾತ್ರ.

ಆದರೆ ವಿದ್ಯಾರ್ಥಿವೇತನದ ವ್ಯವಸ್ಥೆ ನಿಂತಿರುವುದು ಹೋದ ವರ್ಷಗಳ ಕಾಗದದ ಮೇಲೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಗ್ರಾಮದ ಅಧಿಕಾರಿಯ ವಿಚಾರಣೆ, ಕಂದಾಯ ನಿರೀಕ್ಷಕರ ವರದಿ ಮುಗಿದು, ತಹಶೀಲ್ದಾರರ ಸಹಿಯಲ್ಲಿ ಬರುವ ಆದಾಯ ಪ್ರಮಾಣಪತ್ರಕ್ಕೆ ನಮ್ಮ ರಾಜ್ಯದಲ್ಲಿ 5 ವರ್ಷಗಳ ಆಯುಸ್ಸು. ರಾಜ್ಯದ ವಿದ್ಯಾರ್ಥಿವೇತನದ ತಂತ್ರಾಂಶದಲ್ಲಿ ಆ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ತುಂಬಿದ ಕೂಡಲೆ ಅದರಲ್ಲಿ ಬರೆದ ಮೊತ್ತ ತಾನಾಗಿ ಬಂದು ಕೂಡುತ್ತದೆ. ಬಹಳ ಅನುಕೂಲ, ಸಂದೇಹವಿಲ್ಲ. ಆದರೆ 5 ವರ್ಷಗಳಲ್ಲಿ ಕೊಳವೆಬಾವಿ ಎರಡು ಬಾರಿ ಬತ್ತಬಹುದು, ಮನೆಯ ಯಜಮಾನ ತೀರಿಕೊಳ್ಳಬಹುದು, ತಾಯಿ ಹಾಸಿಗೆ ಹಿಡಿಯಬಹುದು. ಇವು ಯಾವುವೂ ಆ ಸಂಖ್ಯೆಗೆ ತಿಳಿಯುವುದಿಲ್ಲ. ಯಾರಾದರೂ ಹೋಗಿ ತಿಳಿಸಬೇಕು.

2011ರ ಮಾತು. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡ 30ರಿಂದ ಶೇಕಡ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು. ನಮ್ಮ ಗೂಡಿನ ಧಾರಣೆ ಕುಸಿಯಿತು. ರೇಷ್ಮೆ ಬೆಳೆಗಾರರು ಬೀದಿಗಿಳಿದರು. ಆಗ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಹೆಸರು ಇಲ್ಲಿ ಬೇಡ. ದಾನಿಗಳು ಕೊಟ್ಟ ಒಂದು ಸಣ್ಣ ನಿಧಿ ಅಲ್ಲಿತ್ತು. ಅದನ್ನು ಬಡ ವಿದ್ಯಾರ್ಥಿಗಳಿಗೆ ಹಂಚುವ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಎರಡನೆಯ ವರ್ಷದ ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ, ಮಂಚೇನಹಳ್ಳಿಯ ಆಚೆಯ ಒಂದು ಹಳ್ಳಿಯವಳು, ತನಗೆ ಮಂಜೂರಾದ ಅರ್ಧ ವಿನಾಯಿತಿ ಸಾಲದೆಂದು ಪುನಃ ಬರೆದುಕೊಂಡಿದ್ದಳು. ಆ ಭಾಗದ ಅನೇಕ ಮನೆಗಳಂತೆ ಅವಳ ಮನೆಮಾತು ತೆಲುಗು. ಕನ್ನಡವನ್ನು ಶಾಲೆಯಲ್ಲಿ ಕಲಿತು, ಅಕ್ಕರೆಯಿಂದ ಬೆಳೆಸಿಕೊಂಡವಳು. ಪತ್ರ ಎರಡೂವರೆ ಪುಟವಿತ್ತು. ಬಡತನವೆಂಬ ಕಾರ್ಮೋಡ, ವಿಧಿಯ ವಕ್ರದೃಷ್ಟಿ, ಕಮರಿದ ಕನಸಿನ ಮೊಗ್ಗು, ಎಲ್ಲವೂ ಅದರಲ್ಲಿದ್ದವು. ಸಮಾಸಗಳು ಒಂದೂ ತಪ್ಪಿರಲಿಲ್ಲ. ಓದುವಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತೆಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಅಂಥ ಬರೆವಣಿಗೆಗೆ ಹೆಚ್ಚು ಅಂಕ ಕೊಟ್ಟು ಬೆನ್ನು ತಟ್ಟಿದವನು ನಾನೇ.

ಸಮಿತಿಯಲ್ಲಿದ್ದ ಹಿರಿಯರೊಬ್ಬರು ಪತ್ರವನ್ನು ಮೇಜಿನ ಮೇಲಿಟ್ಟು, “ಚೆನ್ನಾಗಿ ಬರೆದಿದ್ದಾಳೆ. ಆದರೆ ಇದರಲ್ಲಿ ಹೊಸದೇನಿದೆ? ಪ್ರಮಾಣಪತ್ರದಲ್ಲಿ ಇಷ್ಟು ಆದಾಯವಿದೆಯಲ್ಲ?” ಎಂದರು. ನಾವು ಮತ್ತೊಮ್ಮೆ ಹುಡುಕಿದೆವು. ಕೊಳವೆಬಾವಿ ಬತ್ತಿದ್ದು ಯಾವ ತಿಂಗಳಲ್ಲಿ? ಗೂಡು ಮಾರಿ ಬಂದದ್ದು ಎಷ್ಟು? ಹಿಂದೆ ಎಷ್ಟು ಬರುತ್ತಿತ್ತು? ಕಟ್ಟಬೇಕಾದ ಫೀಜಿನಲ್ಲಿ ಅವಳ ಕೈಯಿಂದ ಆಗುವುದೆಷ್ಟು, ಆಗದಿರುವುದೆಷ್ಟು? ಎರಡೂವರೆ ಪುಟದಲ್ಲಿ ಒಂದು ಅಂಕಿಯೂ ಇರಲಿಲ್ಲ. ಮೊದಲಿನ ತೀರ್ಮಾನವೇ ಉಳಿಯಿತು. ಅವಳನ್ನು ಕರೆಸಿ ನಾಲ್ಕು ಪ್ರಶ್ನೆ ಕೇಳುವುದು ನನಗೆ ಕಷ್ಟವಾಗಿರಲಿಲ್ಲ, ಕೇಳಬೇಕೆಂದು ತೋಚಲಿಲ್ಲ. ಎರಡು ತಿಂಗಳ ತರುವಾಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದದ್ದನ್ನು ಕಂಡೆ. ದೊಡ್ಡಬಳ್ಳಾಪುರದ ಕಡೆ ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿದಳೆಂದು ಅವಳ ಗೆಳತಿಯರು ಹೇಳಿದರು.

ಇದೇ ಜಿಲ್ಲೆಯ ಮಣ್ಣಿನಿಂದ ಮೇಲೆದ್ದ ಇಬ್ಬರು ಹಿರಿಯರ ನೆನಪು ಇಲ್ಲಿ ಸಹಜವಾಗಿ ಬರುತ್ತದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಯ ವರಮಾನ ನಿಂತ ಮೇಲೆ ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಅನಂತರ ಮೈಸೂರು ಸರ್ಕಾರದ ನೆರವು ದೊರೆತುದರಿಂದ ಪುಣೆಗೆ ಹೋಗಿ ಎಂಜಿನಿಯರಾದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ, ಬಸ್ಸಿಗೆ ಕಾಸಿಲ್ಲದೆ, ಕಾಲ್ನಡೆಯಲ್ಲೇ ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿನ ವಿದ್ಯಾರ್ಥಿಯಾದರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ತಮ್ಮ ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರಿಟ್ಟರು.

ಇಂಥ ಉದಾಹರಣೆಗಳನ್ನು ಹೇಳಿ, ಛಲವಿದ್ದವನಿಗೆ ಅರ್ಜಿ ಏಕೆ ಎಂದು ಕೇಳುವವರಿದ್ದಾರೆ. ಆ ಮಾತನ್ನು ಒಪ್ಪುವುದು ನನ್ನಿಂದಾಗದು. ಛಲ ಅವರದಾಗಿತ್ತು, ನಿಜ. ಆದರೆ ಅಂದು ನೆರವು ಕೊಡುವವರ ಮುಂದೆ ಹುಡುಗ ತಾನೇ ಹೋಗಿ ನಿಲ್ಲಬಹುದಾಗಿತ್ತು. ಅವನ ಸವೆದ ಅಂಗಿ, ಧೂಳು ಹಿಡಿದ ಕಾಲು, ಅವನ ಪರವಾಗಿ ಮಾತನಾಡುತ್ತಿದ್ದವು. ವಾರಾನ್ನದ ಮನೆಗಳು ಎಷ್ಟೋ ಮಂದಿಯನ್ನು ಓದಿಸಿದವು. ಹಾಗೆಂದು ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಯಾರ ಮನೆಯ ಊಟ ಯಾರಿಗೆ ಎಂಬುದು ಜಾತಿಯಿಂದ ಗೊತ್ತಾಗುತ್ತಿತ್ತು. ಹೆಣ್ಣುಮಗಳು ಒಬ್ಬಳೇ ನಡೆದು ಬೆಂಗಳೂರು ಸೇರುವ ಮಾತಂತೂ ಕನಸಿನಲ್ಲೂ ಇರಲಿಲ್ಲ. ಇಂದಿನ ಕಾಗದ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ; ಅದು ಅದರ ಹಿರಿಮೆ. ಕಾಗದಕ್ಕೆ ಕಣ್ಣಿಲ್ಲ, ಅದು ಅದರ ಕೊರತೆ. ಆ ಕಣ್ಣನ್ನು ನಾವು ಬರೆದು ಕೊಡಬೇಕು.

ಹೀಗಿರಲು, ಮಾಡಬೇಕಾದುದೇನು?

ಮೊದಲನೆಯದು, ಹೊಸ ಪ್ರಮಾಣಪತ್ರ. 5 ವರ್ಷ ಮುಗಿಯಲಿಲ್ಲವೆಂದು ಹಳೆಯ ಪತ್ರವನ್ನೇ ಹಿಡಿದುಕೊಂಡು ಕೂಡಬೇಕಾಗಿಲ್ಲ. ಆದಾಯ ಬದಲಾಗಿದೆಯೆಂದು ಹೇಳಿ ಹೊಸದಾಗಿ ಅರ್ಜಿ ಹಾಕಬಹುದು. ವಿಚಾರಣೆಗೆ ಬಂದ ಅಧಿಕಾರಿಗೆ ಬತ್ತಿದ ಬಾವಿಯನ್ನು ತೋರಿಸಿ, ಗೂಡು ಮಾರಿದ ಚೀಟಿಗಳನ್ನು ಕೈಗೆ ಕೊಡಬೇಕು. 2011ರ ಸಕಾಲ ಕಾಯಿದೆಯ ಪ್ರಕಾರ ಇಂಥ ಸೇವೆಗಳಿಗೆ ಕಾಲಮಿತಿಯುಂಟು. ಅರ್ಜಿ ಕೊಟ್ಟಾಗ ಸಿಕ್ಕುವ ಸ್ವೀಕೃತಿ ಚೀಟಿಯನ್ನೂ ಅದರ ಮೇಲಿನ ಸಂಖ್ಯೆಯನ್ನೂ ಜೋಪಾನ ಮಾಡಬೇಕು. ಗಡುವು ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವುದಕ್ಕೆ ಅದೇ ಆಧಾರ. ಮೀಸಲಾತಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ವಿಷಯದಲ್ಲಿ ತಹಶೀಲ್ದಾರರ ಆದೇಶ ಸರಿಯಿಲ್ಲವೆಂದು ಕಂಡರೆ 30 ದಿನಗಳೊಳಗೆ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿಗೆ ಅವಕಾಶವಿದೆ.

ಇದಕ್ಕೆ ಇಷ್ಟು ಮಹತ್ತ್ವವೇಕೆಂದರೆ, ನಮ್ಮ ಯೋಜನೆಗಳಲ್ಲಿ ಬಹುಪಾಲು ಒಂದು ಗೆರೆಯ ಮೇಲೆ ನಿಂತಿವೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನಕ್ಕೆ ಕೇಂದ್ರದ ಯೋಜನೆಯಲ್ಲಿ ಪೋಷಕರ ವಾರ್ಷಿಕ ಆದಾಯ 2,50,000 ರೂಪಾಯಿ ಮೀರಬಾರದೆಂದು ಗೊತ್ತುಮಾಡಿದ್ದಾರೆ. ಕೇಂದ್ರದ ಶಿಕ್ಷಣಸಾಲದ ಪೂರ್ಣ ಬಡ್ಡಿ ಸಹಾಯಧನಕ್ಕೆ 4,50,000 ರೂಪಾಯಿ ಮಿತಿ. ಉಳಿದ ಇಲಾಖೆಗಳಿಗೆ ಅವುಗಳದೇ ಮಿತಿಗಳು. ಗೆರೆಯಿಂದ ಒಂದು ಹೆಜ್ಜೆ ಆಚೆ ನಿಂತವನಿಗೆ ಏನೂ ಇಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಂಥ ಯೋಜನೆಯಲ್ಲಿ ಓದುವ ಕೋರ್ಸನ್ನು ನೋಡಿ 2,500 ರೂಪಾಯಿಯಿಂದ 11,000 ರೂಪಾಯಿಯವರೆಗೆ ಮೊತ್ತ ಗೊತ್ತುಮಾಡಲಾಯಿತು. ಬೆಳೆ ಕೈಕೊಟ್ಟಿತೆಂದು ಅದು ಹೆಚ್ಚುತ್ತಿರಲಿಲ್ಲ. ಆದುದರಿಂದ ಗೆರೆ ಇರುವ ಕಡೆ ಹೊಸ ಪ್ರಮಾಣಪತ್ರ, ಗೆರೆ ಇಲ್ಲದ ಕಡೆ ಕಾಲೇಜಿಗೆ ಬರೆಯುವ ಪತ್ರ, ಎರಡೂ ಬೇಕು.

ಎರಡನೆಯದು ಆ ಪತ್ರ. ಕಾಲೇಜಿನ ಮುಖ್ಯಸ್ಥರ ಕೈಯಲ್ಲಿ ಎಲ್ಲವೂ ಇರುವುದಿಲ್ಲ. ಸರ್ಕಾರದ ವೇತನವನ್ನು ಹೆಚ್ಚಿಸುವ ಅಧಿಕಾರ ಅವರಿಗಿಲ್ಲ. ಆದರೆ ಆಡಳಿತ ಮಂಡಳಿಯ ವಿನಾಯಿತಿ, ದಾನಿಗಳ ನಿಧಿ, ಹಳೆಯ ವಿದ್ಯಾರ್ಥಿಗಳ ಸಂಘದ ನೆರವು, ಕಂತುಗಳಲ್ಲಿ ಕಟ್ಟುವ ಅವಕಾಶ, ಇವುಗಳಲ್ಲಿ ಯಾವುದಾದರೂ ಒಂದು ಬಹುಮಟ್ಟಿಗೆ ಅವರ ಅಳವಿನಲ್ಲಿರುತ್ತದೆ. ಅದನ್ನು ಉಪಯೋಗಿಸಬೇಕೆಂದು ಅವರಿಗೆ ಮನಸ್ಸಿದ್ದರೂ ಕಡತದಲ್ಲಿ ಒಂದು ಕಾರಣ ಬೇಕು. ಆ ಕಾರಣವನ್ನು ಒದಗಿಸುವುದೇ ಪತ್ರದ ಕೆಲಸ.

ಅಂದು ಆ ಹುಡುಗಿಗೆ ನಾನು ಹೇಳಿಕೊಡಬೇಕಾಗಿದ್ದ ಪತ್ರ ಹೀಗಿರಬಹುದಾಗಿತ್ತು. ಅಂಕಿಗಳು ಕೇವಲ ನಿದರ್ಶನಕ್ಕೆ:

“ನನ್ನ ತಂದೆ ಎರಡು ಎಕರೆ ಹಿಪ್ಪುನೇರಳೆ ತೋಟವಿರುವ ರೈತರು. ಪ್ರವೇಶದ ವೇಳೆ ನಾನು ಸಲ್ಲಿಸಿದ ಪ್ರಮಾಣಪತ್ರದಲ್ಲಿ ನಮ್ಮ ಕುಟುಂಬದ ವಾರ್ಷಿಕ ಆದಾಯ 2,80,000 ರೂಪಾಯಿ. ಕಳೆದ ಫೆಬ್ರುವರಿ 12ರಂದು ನಮ್ಮ ಕೊಳವೆಬಾವಿ ಬತ್ತಿತು. ಆಮೇಲೆ ಒಂದು ಬೆಳೆಯನ್ನೂ ಎತ್ತಿಲ್ಲ. ತಂದೆ ಕೂಲಿಗೆ ಹೋಗುತ್ತಿದ್ದು ತಿಂಗಳಿಗೆ ಸುಮಾರು 7,000 ರೂಪಾಯಿ ತರುತ್ತಾರೆ. ಈ ವರ್ಷದ ಶುಲ್ಕ 24,000. ಮಂಜೂರಾದ ನೆರವು 9,000. ಮನೆಯಿಂದ ಕೊಡಬಹುದಾದುದು 5,000. ಉಳಿದ 10,000 ರೂಪಾಯಿಗೆ ನಮಗೆ ದಾರಿಯಿಲ್ಲ. ಈ ಮೊತ್ತವನ್ನು ನಿಧಿಯಿಂದ ಕೊಡಬೇಕೆಂದು, ಆಗದಿದ್ದಲ್ಲಿ ನಾಲ್ಕು ಕಂತುಗಳಲ್ಲಿ ಕಟ್ಟಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ಹಿಂದಿನ ವರ್ಷ ಗೂಡು ಮಾರಿದ ಚೀಟಿಗಳು, ಪಹಣಿ, ಹೊಸ ಆದಾಯ ಪ್ರಮಾಣಪತ್ರಕ್ಕಾಗಿ ಸಲ್ಲಿಸಿದ ಅರ್ಜಿಯ ಸ್ವೀಕೃತಿ, ಇವುಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.”

ಇಷ್ಟೇ. ಇದರಲ್ಲಿ ಮೋಡವಿಲ್ಲ, ಮೊಗ್ಗಿಲ್ಲ. ಆದರೆ ಹಿಂದೆ ಹೇಗಿತ್ತು, ಯಾವ ದಿನ ಬದಲಾಯಿತು, ಈಗ ಹೇಗಿದೆ ಎಂಬ ಮೂರೂ ಇವೆ. ಕೊರತೆ ಎಷ್ಟೆಂಬ ಲೆಕ್ಕವಿದೆ. ಕೇಳುವುದು ಏನೆಂಬುದು ಸ್ಪಷ್ಟವಾಗಿದೆ. ಮೊದಲನೆಯದು ಆಗದಿದ್ದರೆ ಎರಡನೆಯದು ಎಂಬ ಸೌಜನ್ಯವೂ ಇದೆ. ಸಾವು ಸಂಭವಿಸಿದ ಮನೆಯಾದರೆ ಮರಣ ಪ್ರಮಾಣಪತ್ರ, ಕಾಯಿಲೆಯಾದರೆ ಆಸ್ಪತ್ರೆಯ ಕಾಗದ, ಕೆಲಸ ಹೋದುದಾದರೆ ಮಾಲೀಕರಿಂದ ಒಂದು ಪತ್ರ ಲಗತ್ತಿಸಬೇಕು. ಕೊಟ್ಟ ಪತ್ರದ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಬೇಕು. ಶುಲ್ಕ ಕಟ್ಟುವ ಕಡೆಯ ದಿನ ಕಳೆದ ಮೇಲಲ್ಲ, ಮನೆಯಲ್ಲಿ ವರಮಾನ ನಿಂತ ತಿಂಗಳಲ್ಲಿಯೇ ಬರೆಯಬೇಕು. ಅತ್ತರೆ ತಾನೆ ತಾಯಿ ಹಾಲು ಕೊಡುವುದು ಎಂದು ನಮ್ಮಲ್ಲಿ ಗಾದೆಯಿದೆ. ಕಚೇರಿ ತಾಯಿಯಲ್ಲ, ಅದಕ್ಕೆ ಅಳುವಿನ ಭಾಷೆ ತಿಳಿಯದು, ಲೆಕ್ಕದ ಭಾಷೆ ತಿಳಿದೀತು.

ಈ ತೊಡಕು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಅಲ್ಲಿನ ಕಾಲೇಜು ಸೇರುವಾಗ ಕೇಂದ್ರ ಸರ್ಕಾರದ ನೆರವಿಗೆ ತುಂಬುವ ನಮೂನೆಯಲ್ಲಿ ಲೆಕ್ಕಕ್ಕೆ ಬರುವುದು ಎರಡು ವರ್ಷ ಹಿಂದಿನ ತೆರಿಗೆಯ ವಿವರ. ಈ ನಡುವೆ ತಂದೆಯ ಕೆಲಸ ಹೋಗಿದ್ದರೆ ಆ ನಮೂನೆಗೂ ಅದು ತಿಳಿಯದು. ಆದರೆ ಅಲ್ಲಿನ ಉನ್ನತ ಶಿಕ್ಷಣದ ಕಾಯಿದೆ ಕಾಲೇಜಿನ ನೆರವಿನ ಅಧಿಕಾರಿಗೆ ಒಂದು ವಿವೇಚನೆಯನ್ನು ಕೊಟ್ಟಿದೆ. ಒಬ್ಬೊಬ್ಬ ವಿದ್ಯಾರ್ಥಿಯ ಬದಲಾದ ಪರಿಸ್ಥಿತಿಯನ್ನು, ದಾಖಲೆಗಳ ಆಧಾರದ ಮೇಲೆ, ಪ್ರತ್ಯೇಕವಾಗಿ ಪರಿಶೀಲಿಸಿ ಅವರು ಲೆಕ್ಕವನ್ನು ತಿದ್ದಬಹುದು. ಅವರ ತೀರ್ಮಾನವೇ ಅಂತಿಮ. ಹಾಗೆ ತಿದ್ದಬೇಕಾದರೆ ಅವರು ಕೇಳುವುದೂ ಇದನ್ನೇ: ಏನು ಬದಲಾಯಿತು, ಎಂದು ಬದಲಾಯಿತು, ಅದಕ್ಕೆ ಆಧಾರವೇನು. ಇಂಥ ವಿವೇಚನೆಯನ್ನು ನಮ್ಮ ವಿದ್ಯಾರ್ಥಿವೇತನದ ನಿಯಮಗಳಲ್ಲಿಯೂ ಬಿಚ್ಚಿ ಬರೆದಿಟ್ಟರೆ ಮಳೆಯನ್ನೂ ಮಾರುಕಟ್ಟೆಯನ್ನೂ ನಂಬಿದ ಮನೆಗಳ ಮಕ್ಕಳಿಗೆ ದೊಡ್ಡ ಉಪಕಾರವಾದೀತು.

ಇನ್ನೊಂದು ಮಾತು ಪೋಷಕರಿಗೆ. ಮನೆಯ ಕಷ್ಟವನ್ನು ಊರ ಮುಂದೆ ಏಕೆ ಹೇಳಿಕೊಳ್ಳಬೇಕೆಂದು ಅನೇಕರು ಹಿಂಜರಿಯುತ್ತಾರೆ. ನೆನ್ನೆಯವರೆಗೆ ನಾಲ್ಕು ಜನಕ್ಕೆ ಕೊಟ್ಟು ಬಾಳಿದವರಿಗೆ ಈ ಸಂಕೋಚ ಮತ್ತಷ್ಟು ಹೆಚ್ಚು. ಮಗಳ ಓದನ್ನು ನಿಲ್ಲಿಸಿಯಾರು, ಅರ್ಜಿ ಬರೆಯಲಾರರು. ಅಂಥವರಿಗೆ ನಾನು ಹೇಳುವುದು ಆ ಹಳೆಯ ಶಬ್ದಾರ್ಥವನ್ನೇ. ಅರಿಕೆ ಎಂದರೆ ತಿಳಿಸುವುದು. ಅಹವಾಲು ಎಂದರೆ ಇದ್ದ ಸ್ಥಿತಿ. ಇದ್ದುದನ್ನು ಇದ್ದಂತೆ ತಿಳಿಸುವವನ ತಲೆ ತಗ್ಗಬೇಕಾದ ಕಾರಣವಿಲ್ಲ.

ನಿವೃತ್ತನಾದ ಮೇಲೆ ಒಂದು ದಿನ ಮಂಚೇನಹಳ್ಳಿಯ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. “ನಮಸ್ಕಾರ ಸಾರ್, ಗುರುತು ಸಿಕ್ಕಿತೇ?” ಎಂದು ಒಬ್ಬ ಹೆಣ್ಣುಮಗಳು ಎದುರಿಗೆ ನಿಂತಳು. ಅವಳೇ. ತಮ್ಮನ ಕಾಲೇಜು ಫೀಜಿನ ವಿಷಯವಾಗಿ ನಾಡಕಚೇರಿಗೆ ಬಂದಿದ್ದಳು. ತಂದೆ ಹೋದ ಮೇಲೆ ಮನೆಯ ಭಾರ ಅವಳದು. ಕೈಯಲ್ಲಿ ಒಂದು ಅರ್ಜಿ ಇತ್ತು. “ಒಮ್ಮೆ ನೋಡಿ ಸಾರ್, ತಪ್ಪಿದ್ದರೆ ತಿದ್ದಿ” ಎಂದು ಕೊಟ್ಟಳು. ಏಳು ಸಾಲುಗಳಿದ್ದವು. ತಂದೆ ತೀರಿಕೊಂಡ ದಿನ, ಹಿಂದಿನ ಆದಾಯ, ಈಗಿನ ಆದಾಯ, ಬೇಕಾದ ಮೊತ್ತ, ಲಗತ್ತಿಸಿದ ಕಾಗದಗಳ ಪಟ್ಟಿ. ತಿದ್ದುವುದಕ್ಕೆ ಒಂದಕ್ಷರವೂ ಇರಲಿಲ್ಲ.

“ಇದನ್ನು ಎಲ್ಲಿ ಕಲಿತೆಯಮ್ಮಾ?” ಎಂದು ಕೇಳಿದೆ.

“ಫ್ಯಾಕ್ಟರಿಯಲ್ಲಿ ಎಲ್ಲರ ರಜೆಯ ಅರ್ಜಿ, ಪಿ.ಎಫ್. ಅರ್ಜಿ ನಾನೇ ಬರೀತಿದ್ದೆ ಸಾರ್. ಉದ್ದ ಬರೆದರೆ ಅವರು ಓದೋದಿಲ್ಲ” ಎಂದಳು. ಅವಳ ಮಾತಿನಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಬಸ್ಸು ಬಂದಿತು. ಆ ವರ್ಷ ಅವಳ ತಮ್ಮನಿಗೆ ಕಾಲೇಜಿನವರು ಮೊದಲು ಗೊತ್ತುಮಾಡಿದ್ದ ನೆರವನ್ನು ಹೆಚ್ಚಿಸಿದರೆಂದು ಆಮೇಲೆ ತಿಳಿಯಿತು. ಅವಳ ಹಳೆಯ ಪತ್ರ ಈಗ ಯಾವ ಕಡತದಲ್ಲಿದೆಯೋ ಕಾಣೆ. ಅದಕ್ಕೆ ನಾನು ಕೊಟ್ಟಿರಬಹುದಾದ ಅಂಕಗಳು ಅವಳಿಗೆ ಏನೂ ಉಪಯೋಗಕ್ಕೆ ಬರಲಿಲ್ಲ ಎಂಬುದು ಮಾತ್ರ ನನಗೆ ಗೊತ್ತು.

(ಬಾನುಲಿ ಭಾಷಣ)